ಸ್ವಂತ ಬಾವಿ ತೋಡಿಸಿಕೊಂಡ ಚನ್ನಾಜಮ್ಮ

ಗೆಳತಿ ಜೊತೆ ಠೂ ಬಿಟ್ಟು ಬಂದವಳು ಊಟಾನೂ ಬಿಟ್ಟೆಯಾ? ಸರಿ, ಕಾಲು ಆಡಿಸದೆ ಮಲಗಿ ಕೇಳು. ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದ ಒಂದಾನೊಂದು ಕಾಲದಲ್ಲಿ ಒಂದೂರಿತ್ತಂತೆ, ಊರಿಗೆಲ್ಲ ಒಂದೇ ಬಾವಿಯಂತೆ. ಅಲ್ಲಿ ಚನ್ನಾಜಮ್ಮನಿಗೂ ಪುಟ್ಟನಿಂಗಿಗೂ ಮೊದಲು ಹಗ್ಗ ಯಾರಿಗೆ ಅಂತ ಜಗಳ ಆಯ್ತಂತೆ, ಆಮೇಲೆ ಚನ್ನಾಜಮ್ಮ, ನಿಮ್ಮ ಸಹವಾಸವೇ ಬೇಡ ಅಂತ ಹಿತ್ತಲಲ್ಲಿ ಸ್ವಂತ ಬಾವಿ ತೋಡಿಸಿ, ಬಾಗಿಲು ಹಾಕಿಕೊಂಡು ಕೂತಳಂತೆ.

ಮೂರು ವರ್ಷ ಕೂತಳು, ಮಹರಾಯ್ತಿ! ನಿದ್ದೆ ಹೋಯ್ತು, ಅನ್ನ ಸೇರದಾಯ್ತು, ಎದೆ ಡವಡವ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಕೈಬಳೆ ಮೊಣಕೈ ತನಕ ಜಾರೋ ಹಾಗಾದಳಂತೆ. ಪಂಡಿತರ ಕಷಾಯ, ಲೇಹ್ಯ, ಲೇಪ, ಯಾವುದೂ ಹತ್ತಲಿಲ್ಲವಂತೆ.

ಕೊನೆಗೆ ಸೂಲಗಿತ್ತಿ ತಿಪ್ಪಮ್ಮನನ್ನು ಕರೆಸಿದರಂತೆ. ತಿಪ್ಪಮ್ಮ ನಾಡಿ ಹಿಡಿದಳು, ಬಿಕೋ ಅನ್ನೋ ಮನೆ ನೋಡಿದಳು, ಗೊತ್ತಾಗಿಹೋಯ್ತು. ಹೀಗೇ ಬಿಟ್ಟರೆ ಇವಳು ದೀಪಾವಳಿ ಕಾಣಲ್ಲ ಅಂತ ಸಂಕಟ ಆಯ್ತಂತೆ. ಆದರೆ ನಿನಗೆ ಜನ ಬೇಕು ಕಣೇ ಅಂದರೆ ಈ ಹಟಮಾರಿ ಕೇಳ್ತಾಳಾ? ಅದಕ್ಕೇ, ದಿನಾ ಊರ ಬಾವಿ ನೀರು ಕುಡಿ, ಅದೇ ಔಷಧಿ ಅಂದಳಂತೆ.

ವಾರ ಬಿಟ್ಟು ಬಂದರೆ ಇನ್ನೂ ಸೊರಗಿದ್ದಾಳೆ. ನೀರು ಕುಡಿದೆಯೇನೇ ಅಂದರೆ, ಹೂಂ, ಆಳು ತಂದುಕೊಟ್ಟ ಅಂದಳಂತೆ. ಅಯ್ಯೋ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ನೀನೇ ಹೋಗಿ ಸೇದಬೇಕು ಅಂತ ತಿಪ್ಪಮ್ಮ ಹಣೆ ಚಚ್ಚಿಕೊಂಡಳಂತೆ. ಮುಂದಿನ ವಾರ ಬಂದು ನೋಡಿದರೆ, ಚನ್ನಾಜಮ್ಮನಿಗೆ ಎದ್ದು ನಿಂತರೆ ತಲೆಸುತ್ತು. ನಾನೇ ಹೋಗಿದ್ದೆ, ಉರಿಬಿಸಿಲಲ್ಲಿ, ಒಂದು ನರಪಿಳ್ಳೆಯೂ ಇರಲಿಲ್ಲ, ಆರಾಮಾಗಿ ಸೇದಿಕೊಂಡೆ ಅಂದಳಂತೆ! ತಿಪ್ಪಮ್ಮನಿಗೆ ಪಿತ್ತ ನೆತ್ತಿಗೇರಿತು. ಕಲ್ಲಿಗೆ ಹೇಳಿದ್ದರೂ ಕೇಳ್ತಿತ್ತು ಅಂತ ಬೈದು, ಮರುದಿನ ಬೆಳಗ್ಗೆ ಅವಳ ರಟ್ಟೆ ಹಿಡಿದು ತಾನೇ ಬಾವಿಗೆ ಎಳಕೊಂಡು ಹೋದಳಂತೆ.

ಕಟ್ಟೆ ತುಂಬ ಜನ. ಹಗ್ಗ ಪುಟ್ಟನಿಂಗಿ ಕೈಯಲ್ಲಿ! ಪುಟ್ಟನಿಂಗಿ ಇವಳ ಬತ್ತಿದ ಮುಖ ನೋಡಿ, ಎಲ್ಲಿ ಸತ್ತಿದ್ದೆಯೇ ಇಷ್ಟು ದಿನ, ಮೂರು ವರ್ಷದಿಂದ ನೆಟ್ಟಗೆ ಜಗಳ ಆಡೋಕೂ ಒಬ್ಬರು ಸಿಗಲಿಲ್ಲವಲ್ಲೇ ನನಗೆ ಅಂತ ಗಳಗಳ ಅತ್ತಳಂತೆ. ಚನ್ನಾಜಮ್ಮನೂ ಅತ್ತಳು, ಅಳ್ತಾ ಅಳ್ತಾನೇ, ಮೊದಲು ಹಗ್ಗ ಕೊಡು ಅಂದಳಂತೆ. ಶುರುವಾಯ್ತು ನೋಡು, ಬಿಸಿಲೇರೋ ತನಕ ಜಗಳ! ಮನೆಗೆ ಬಂದವಳು ಎರಡು ಮುದ್ದೆ ನುಂಗಿ ಗೊರಕೆ ಹೊಡೆದಳಂತೆ.

ಆಮೇಲೆ ತಿಪ್ಪಮ್ಮ ನೋಡೋಕೆ ಬಂದಾಗೆಲ್ಲ ಮನೆಗೆ ಬೀಗ. ಹಿತ್ತಲ ಬಾವಿಗೆ ಹಲಗೆ ಮುಚ್ಚಿ, ಅದರ ಮೇಲೆ ಇಬ್ಬರ ಸಂಡಿಗೆಯೂ ಒಣಗ್ತಿತ್ತಂತೆ.

ಕತೆ ಬಾವಿಕಟ್ಟೆಗೆ ಹೋಯ್ತು, ನೀನು ನಿದ್ದೆಗೆ ಹೋಗು. ನಾಳೆ ಎದ್ದವಳೇ ಆ ಗೆಳತಿ ಮನೆಗೆ ಓಡು. ಏನಂದೆ, ಈಗ ಹಸಿವಾ? ಸರಿಹೋಯ್ತು, ಏಳು!