ಮೂರು ಸಲ ಬೇಯಿಸಿದ ಮಣ್ಣು

ನೀಲಾಂಬಿಕೆ ಒಂದು ಅಂಟು ಮಾಡಿದ್ದಳು. ಗೋವಿನಜೋಳದ ಸಕ್ಕರೆಯಿಂದ ತೆಗೆದ ಆಮ್ಲ, ಹರಳೆಣ್ಣೆ, ಇವೆರಡೇ ಅದರ ಮೂಲ. ಕಾಯಿಸಿ, ಕೂಡಿಸಿ, ನಾಲ್ಕು ವರ್ಷ ಪಾಡುಪಟ್ಟು ಅವನ್ನು ಪಾಲಿಯೆಸ್ಟರ್ ಜಾತಿಯ ಗಟ್ಟಿ ಅಂಟಾಗಿಸಿದ್ದಳು. ಅದರಿಂದ ಎರಡು ಕಟ್ಟಿಗೆ ಪಟ್ಟಿಗಳನ್ನು ಅಂಟಿಸಿ ಇಪ್ಪತ್ತು ಕಿಲೋ ಚೀಲ ತೂಗುಹಾಕಿದರೂ ಪಟ್ಟಿ ಮಿಸುಕಲಿಲ್ಲ. ಹೊಲದಲ್ಲಿ ಬೆಳೆದದ್ದಕ್ಕೆ ಇಷ್ಟು ಹಿಡಿತವೇ ಎಂದು ನೋಡಿದವರೆಲ್ಲ ಬೆರಗಾದರು.

ಅವಳ ಗುರು ಚನ್ನಬಸಪ್ಪ ಮಾಸ್ತರರು ಮಾತ್ರ ಅಷ್ಟಕ್ಕೇ ಒಪ್ಪಲಿಲ್ಲ. "ಕಸ ಆಗಿ ಉಳಿಯೋ ಅಂಟು ಊರಾಗ ಬೇಕಾದಷ್ಟು ಅದಾವ. ನಿಂದು ಮಣ್ಣಾಗ ಕರಗಬೇಕು. ಮೂರು ತಿಂಗಳಾಗ ಕರಗಲಿಲ್ಲಂದ್ರ ಇದನ್ನ ಕೈಬಿಟ್ಟು ಬ್ಯಾರೇದು ಹುಡುಕೋಣು" ಎಂದರು.

ನೀಲಾಂಬಿಕೆ ಬಲು ಮಡಿಯ ಹುಡುಗಿ. ದೇವರ ಮಡಿಯಲ್ಲ, ಪ್ರಯೋಗಶಾಲೆಯ ಮಡಿ. ಕೈಗವಸಿಲ್ಲದೆ ಏನನ್ನೂ ಮುಟ್ಟುತ್ತಿರಲಿಲ್ಲ. ತೋಟದ ಕೆಲಸದ ಯಮನವ್ವನ ತಿಪ್ಪೆಯಿಂದ ಮಣ್ಣು ತಂದು ಜರಡಿ ಹಿಡಿದಳು. ಒಂದಲ್ಲ, ಮೂರು ಸಲ ಹಬೆಯಲ್ಲಿ ಬೇಯಿಸಿದಳು. ಆಮೇಲೆ ಗಾಜಿನ ಭರಣಿಗೆ ತುಂಬಿ, ಅಂಟಿಸಿದ ಪಟ್ಟಿಗಳನ್ನು ಅದರಲ್ಲಿ ಹೂತಿಟ್ಟಳು.

ಮೂರು ತಿಂಗಳು ಕಳೆಯಿತು. ಪಟ್ಟಿಗಳು ಅಂಟಿದಂತೆಯೇ ಇದ್ದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಅವಳು ಗುರುಗಳ ಎದುರಿಗೇ ಕೂತು ಅತ್ತಳು.

ಹೊರಗೆ ಗಿಡಕ್ಕೆ ನೀರು ಬಿಡುತ್ತಿದ್ದ ಯಮನವ್ವ ಅಳು ಕೇಳಿ ಒಳಗೆ ಬಂದಳು. ಭರಣಿ ಎತ್ತಿ ಮೂಸಿದಳು.

"ತಂಗಿ, ಇದು ನಮ್ಮ ತಿಪ್ಪಿ ಮಣ್ಣಲ್ಲ. ವಾಸನೀನ ಇಲ್ಲ."

"ನಿಮ್ಮದ ಆಯಿ. ಹೊಲಸು ಇರಬಾರದಂತ ಮೂರು ಸಲ ಬೇಯಿಸೇನಿ."

"ಅಯ್ಯ, ಅದರಾಗಿನ ಹುಳಹುಪ್ಪಡಿ ಎಲ್ಲಾ ಸತ್ತು ಹೋಗಿರ್ತಾವ. ಉಣ್ಣಾವ್ರನ್ನ ಕುದಿಸಿ ಕೊಂದು, ಎಲಿ ಯಾಕ ಖಾಲಿ ಆಗಲಿಲ್ಲ ಅಂತ ಅಳತೀಯೇನು?"

ಮಾಸ್ತರರು ತಲೆ ತಗ್ಗಿಸಿದರು. ವಾರವಾರ ಆ ಭರಣಿ ನೋಡಿದ್ದವರು ಅವರೇ. ಅಷ್ಟು ಓದಿದವರಿಗೂ ಹೊಳೆದಿರಲಿಲ್ಲ. "ತಪ್ಪು ನಂದೂ ಐತಿ. ಇನ್ನೊಂದು ಸಲ ಹೂಳು. ಈ ಸಲ ಯಮನವ್ವನ ತಿಪ್ಪ್ಯಾಗ" ಎಂದರು.

ಅರವತ್ತನೆಯ ದಿನ ಮೂವರೂ ಸೇರಿ ತಿಪ್ಪೆ ಕೆದರಿದರು. ಒಳಗಿಂದ ಬಿಸಿ ಆವಿ ಎದ್ದಿತು. ಪಟ್ಟಿಗಳು ಬೇರೆಬೇರೆಯಾಗಿ ಬಿದ್ದಿದ್ದವು. ನಡುವಿನ ಅಂಟಿನ ಗುರುತೂ ಇರಲಿಲ್ಲ. ಇಪ್ಪತ್ತು ಕಿಲೋ ಎಳೆದರೂ ಬಿಡದಿದ್ದುದನ್ನು ಯಾರೋ ಸದ್ದಿಲ್ಲದೆ ಉಂಡು ಮುಗಿಸಿದ್ದರು. ನೀಲಾಂಬಿಕೆ ಕೈಗವಸು ಕಳಚಿ ಬರಿಗೈಯಲ್ಲೇ ಪಟ್ಟಿಗಳನ್ನು ಎತ್ತಿಕೊಂಡಳು.

ಮಾಸ್ತರರು ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೊದಲು ಯಮನವ್ವನನ್ನೇ ಕರೆದರು. ಒಂದು ಹನಿಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳು ಓಡಾಡುತ್ತಿದ್ದವು. ಅವಳು ಬಹಳ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ.

"ಮೂವತ್ತು ವರ್ಷ ಈ ತಿಪ್ಪಿ ಕೆದರೇನ್ರಿ ಸರ" ಎಂದಳು ಕೊನೆಗೆ. "ಇಲ್ಲಿ ನಾ ಒಬ್ಬಾಕೀನ ದುಡೀತೀನಿ ಅನ್ಕೊಂಡಿದ್ದೆ."

ನೀಲಾಂಬಿಕೆಯ ಬರಿಗೈಗೆ ತಿಪ್ಪೆಯ ಮಣ್ಣು ಮೆತ್ತಿಕೊಂಡಿತ್ತು. ಅಂದು ಅವಳು ಕೈ ತೊಳೆಯಲು ಓಡಲಿಲ್ಲ.

ನೀತಿ: ಹೊಲಸೆಂದು ದೂರ ತಳ್ಳುವ ಮೊದಲು, ಅಲ್ಲಿ ನಮಗಾಗಿ ದುಡಿಯುತ್ತಿರುವವರು ಯಾರೆಂದು ನೋಡಬೇಕು. ನಾವು ಶುರುಮಾಡಿದ ಕೆಲಸವನ್ನು ಪೂರ್ತಿ ಮಾಡುವವರು ಅವರೇ.