ಮನೆಮಗ ಸೇದಿದ ನೀರು

“ಗುರುಗಳೇ, ಸಂತೆಯಲ್ಲಿ ಇವತ್ತು ಒಬ್ಬ ಮುಖಂಡ ‘ನಾನು ನಿಮ್ಮ ಮನೆಮಗ’ ಎಂದು ಕಣ್ಣೀರಿಟ್ಟ. ಜನರೂ ಅತ್ತರು. ಇಂಥ ಮಾತನ್ನು ನಂಬಬೇಕೋ, ತಳ್ಳಿಹಾಕಬೇಕೋ?” ಎಂದು ಶಿಷ್ಯ ಕೇಳಿದ.

“ನಿನಗೂ ಅಳು ಬಂತೇ?” ಎಂದು ಗುರುಗಳು ನಕ್ಕರು. ಶಿಷ್ಯ ತಲೆ ತಗ್ಗಿಸಿದ. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಬಾಯಲ್ಲಿ ಬೆಲ್ಲ. ಮನೆಮನೆಗೂ ಹೋಗಿ, “ನಾನು ನಿಮ್ಮ ಮನೆಮಗ” ಎಂದು ಕೈಮುಗಿದು ಊರಿಗೆ ಯಜಮಾನನಾದ. ಆದ ಮೇಲೆ ಊರಬಾವಿಯ ಸುತ್ತ ಗೋಡೆ ಎಬ್ಬಿಸಿ, ಬಾಗಿಲಿಟ್ಟು ಬೀಗ ಜಡಿದ. ನೀರೆಲ್ಲ ಅವನ ತೋಟದ ಪಾಲಾಯಿತು. ಹೆಂಗಸರು ಕೊಡ ಹೊತ್ತು ದೂರದ ಹಳ್ಳಕ್ಕೆ ನಡೆದರು. ಯಾರಾದರೂ ಗೊಣಗಿದರೆ, “ಮನೆಮಗನ ಮೇಲೆ ಸಿಟ್ಟೇನವ್ವಾ?” ಎನ್ನುತ್ತಿದ್ದ. ಆ ಒಂದು ಮಾತಿಗೆ ಎಲ್ಲರೂ ಕರಗುತ್ತಿದ್ದರು. ಜನ ಹಾಗೆಯೇ, ಪಾಪ.

ಅದೇ ಊರಿನಲ್ಲಿ ಒಬ್ಬ ಕುಂಬಾರ ಮುದುಕಿಯಿದ್ದಳು. ಅವಳ ಮಗಳು ಹೆತ್ತು ಮಲಗಿದ್ದಳು. ಬಾಣಂತಿಗೆ ಎರೆಯಲು ಮನೆಯಲ್ಲಿ ನೀರಿಲ್ಲ. ಹಳ್ಳಕ್ಕೆ ಹೋಗಿಬರಲು ಮುದುಕಿಯ ಕಾಲಲ್ಲಿ ಕಸುವಿಲ್ಲ.

ಆ ಊರಿನಲ್ಲಿ ಒಂದು ರೂಢಿಯಿತ್ತು. ಮಗನಾದವನು ತಾಯಿಗೆ ಒಂದು ಕೊಡ ನೀರು ಸೇದಿಕೊಟ್ಟ ಮೇಲೆಯೇ ಎಲೆಯ ಮುಂದೆ ಕೂರಬೇಕು. ವರ್ತಕನೂ ಚಿಕ್ಕವನಿದ್ದಾಗ ಹಾಗೆ ಸೇದಿದವನೇ. ದೊಡ್ಡವನಾದ ಮೇಲೆ ಮರೆತಿದ್ದ. ಬಾವಿಗೆ ಬೀಗ ಬಿದ್ದ ಮೇಲೆ ಊರಿನ ಉಳಿದ ಗಂಡುಮಕ್ಕಳಿಗೂ ಆ ರೂಢಿ ತಪ್ಪಿತ್ತು.

ಒಂದು ದಿನ ಅವನು ಊರಿಗೆಲ್ಲ ಊಟ ಹಾಕಿಸಿದ. ಎಲ್ಲರ ನಡುವೆ ತಾನೂ ಕೂತ. ಹೋಳಿಗೆ ಬಡಿಸಿದ್ದಾಯಿತು. ಅವನು ತುತ್ತಿಗೆ ಕೈ ಹಾಕುವಷ್ಟರಲ್ಲಿ ಮುದುಕಿ ಬಂದು ಎಲೆಯ ಪಕ್ಕದಲ್ಲಿ ಖಾಲಿ ಕೊಡ ಇಟ್ಟಳು.

“ಮಗಾ, ಅವ್ವನ ಕೊಡ ಇನ್ನೂ ತುಂಬಿಲ್ಲ. ಹೆಂಗೆ ಉಣ್ತೀಯಪ್ಪಾ?” ಎಂದಳು.

ಊರೇ ನೋಡುತ್ತಿತ್ತು. ಮಗನಲ್ಲ ಎನ್ನುವಂತಿಲ್ಲ. ಅವನು ಎದ್ದು ಹೋಗಿ ಬೀಗ ತೆಗೆದ, ಹಗ್ಗ ಹಿಡಿದ, ಕೊಡ ತುಂಬಿಸಿದ. ತಿರುಗಿ ನೋಡಿದರೆ ಊರಿನ ಹೆಂಗಸರೆಲ್ಲ ಮನೆಗೆ ಓಡಿ ಕೊಡ ತಂದು ಸಾಲಾಗಿ ನಿಂತಿದ್ದರು. ಅವನು ಮಗನೆಂದು ಹೇಳಿಕೊಳ್ಳದ ಮನೆಯೇ ಆ ಊರಿನಲ್ಲಿ ಇರಲಿಲ್ಲವಲ್ಲ!

ಸೇದಿದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಹೋಳಿಗೆ ಆರಿತು. ಹೊತ್ತು ಇಳಿದರೂ ಸಾಲು ಕರಗಲಿಲ್ಲ. ಕೊನೆಗೆ ಹಗ್ಗ ಬಿಟ್ಟು, “ನನ್ನ ಕೈಲಾಗಲ್ಲ ತಾಯಂದಿರಾ, ನೀವೇ ಸೇದಿಕೊಳ್ಳಿ” ಎಂದು ಬೀಗದ ಕೈಯನ್ನು ಮುದುಕಿಯ ಸೆರಗಿಗೆ ಹಾಕಿದ.

ಹೆಂಗಸರು ಕೇಕೆ ಹಾಕಿದರು. ಗಂಡಸರು ಆ ಬಾಗಿಲನ್ನೇ ಕಿತ್ತು ಸೌದೆ ಮಾಡಿದರು. ಅದೇ ಸೌದೆಯಲ್ಲಿ ನೀರು ಕಾಯಿಸಿ, ಬಾಣಂತಿಗೆ ಹಂಡೆಗಟ್ಟಲೆ ಎರೆದರು. ಅವತ್ತು ಊರಿಗೆ ಊರೇ ಹಬ್ಬ ಮಾಡಿತು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಮಗನೆನ್ನುವುದು ಸುಳ್ಳೆಂದು ಮುದುಕಿ ಮೊದಲೇ ಹೇಳಬಹುದಿತ್ತಲ್ಲ, ಗುರುಗಳೇ?” ಎಂದ.

ಗುರುಗಳು ಹೇಳಿದರು: “ಮಗನೆಂದು ಬಂದವನೊಡನೆ ವಾದ ಮಾಡಬೇಡ, ಅವನ ಕೈಗೆ ಹಗ್ಗ ಕೊಡು.”