ತನ್ನ ಶ್ರಾದ್ಧಕ್ಕೆ ನಕ್ಕವನು

ಹೊಳೆಯ ದಂಡೆಯ ಆಶ್ರಮದಲ್ಲಿ ತ್ರ್ಯಂಬಕ ಎಂಬ ಶಿಷ್ಯನಿದ್ದ. ಅವನಿಗೆ ಏನೂ ಬೇಡವಾಗಿತ್ತು. ಎಲ್ಲರೂ ಅದನ್ನು ವೈರಾಗ್ಯ ಎಂದರು.

ಊಟಕ್ಕೆ ಕೂತರೆ ನಾಲ್ಕು ತುತ್ತು. ಬಡಿಸಲು ಬಂದರೆ ಎಲೆಗೆ ಕೈ ಅಡ್ಡ. ಬೆಳಗಿನ ಗಂಟೆ ಹೊಡೆಯುವ ಮೊದಲೇ ಎದ್ದು ಹೊಳೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಮಾತಿಲ್ಲ, ನಗುವಿಲ್ಲ. ವಯಸ್ಸು ಇಪ್ಪತ್ತಾರು.

"ಇದು ಈ ಜನ್ಮದ್ದಲ್ಲ ಬಿಡಿ," ಎನ್ನುತ್ತಿದ್ದರು ದರ್ಶನಕ್ಕೆ ಬಂದವರು. ಗುರುಗಳ ಕಾಲಿಗೆ ಬಿದ್ದು, ಹೋಗುವ ದಾರಿಯಲ್ಲಿ ಅವನ ಕಾಲಿಗೂ ಬೀಳುತ್ತಿದ್ದರು.

ಅವನು ಅಷ್ಟು ಬೇಗ ಏಳುತ್ತಿದ್ದದ್ದು ಜಪಕ್ಕಲ್ಲ. ನಿದ್ದೆಯೇ ಬರುತ್ತಿರಲಿಲ್ಲ. ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಏನೋ ಕೆಟ್ಟದ್ದು ಆಗಿಯೇ ತೀರುತ್ತದೆ ಎನ್ನಿಸುತ್ತಿತ್ತು. ಬೆಳಕು ಹರಿದ ಮೇಲೆ ಆ ಭಯ ತಗ್ಗಿ, ಅದರ ಜಾಗದಲ್ಲಿ ಏನೂ ಇಲ್ಲದ ಒಂದು ಹಗಲು ಬಂದು ಕೂರುತ್ತಿತ್ತು.

ಯಾರಾದರೂ ಮಾತಾಡಿಸಿಯಾರು ಎಂದು ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಜನ ಅದನ್ನು ಧ್ಯಾನ ಎಂದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮಗೆ ಪೇಟೆಯಲ್ಲಿ ಚೆನ್ನಾಗಿ ನೆನಪಿರುತ್ತದೆ. ಆಶ್ರಮದ ಬಾಗಿಲು ದಾಟಿದ ಕೂಡಲೇ ಮರೆತುಹೋಗುತ್ತದೆ.

ಒಮ್ಮೆ ಹೇಳಿಕೊಳ್ಳಲು ನೋಡಿದ್ದ. ಹಿರಿಯ ಶಿಷ್ಯ ಮಾರ್ಕಂಡೇಯನ ಹತ್ತಿರ.

"ಅಣ್ಣ, ನನಗೆ ಯಾವುದೂ ರುಚಿ ಹತ್ತುತ್ತಿಲ್ಲ."

ಮಾರ್ಕಂಡೇಯ ಅವನ ಎರಡೂ ಕೈ ಹಿಡಿದುಕೊಂಡ. "ಪುಣ್ಯವಂತ ಕಣಯ್ಯ ನೀನು! ಇಪ್ಪತ್ತು ವರ್ಷದಿಂದ ಹೆಣಗಾಡ್ತಿದೀನಿ, ಈ ಹಾಳು ಹೋಳಿಗೆ ಆಸೆ ಒಂದು ನನ್ನ ಬಿಡ್ತಿಲ್ಲ."

ಆಮೇಲೆ ತ್ರ್ಯಂಬಕ ಯಾರಿಗೂ ಹೇಳಲಿಲ್ಲ. ಊರಿನಲ್ಲಿಯೂ ಹೇಳಿಕೊಳ್ಳುವಂಥವರು ಅವನಿಗೆ ಉಳಿದಿರಲಿಲ್ಲ. ಸುತ್ತ ಅಷ್ಟು ಜನರಿದ್ದರು, ಅವನು ಒಬ್ಬನೇ ಇದ್ದ.

ಒಂದು ದಿನ ಅವನು ಗುರುಗಳ ಮುಂದೆ ನಿಂತು ಸನ್ಯಾಸ ಬೇಡಿದ.

ಆಶ್ರಮಕ್ಕೆಲ್ಲ ಸಂಭ್ರಮ. ಮಾರ್ಕಂಡೇಯ ಓಡಾಡಿ ದಿನ ನೋಡಿಸಿದ, ಬಟ್ಟೆಗೆ ಕಾವಿ ಹಾಕಿಸಿದ, ದಂಡ ಕಮಂಡಲು ತರಿಸಿದ. ಗುರುಗಳು ಹೂಂ ಎಂದಿದ್ದರು, ಅಷ್ಟೇ.

ದೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಗುರುಗಳು ಅವನನ್ನು ಮೆಟ್ಟಿಲ ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಾಳೆಯ ಕ್ರಮ ಗೊತ್ತಲ್ಲ?"

"ತಾವು ಹೇಳಬೇಕು."

"ಮೊದಲು ಹಿರಿಯರ ಶ್ರಾದ್ಧ. ಆಮೇಲೆ ನಿನ್ನದೇ ಶ್ರಾದ್ಧ. ನಿನ್ನ ಹೆಸರು, ಗೋತ್ರ ಹೇಳಿ ನಿನಗೆ ನೀನೇ ಪಿಂಡ ಇಡಬೇಕು."

ತ್ರ್ಯಂಬಕನ ಮುಖ ಅರಳಿತು.

ಎಷ್ಟೋ ತಿಂಗಳಿಂದ ಆ ಮುಖದಲ್ಲಿ ಅಂಥದ್ದೊಂದು ಬಂದಿರಲಿಲ್ಲ. ಗುರುಗಳು ಮಾತು ನಿಲ್ಲಿಸಿದರು.

"ಯಾಕೆ ನಕ್ಕೆ?"

"ನಕ್ಕೆನೇ?"

"ನಕ್ಕೆ."

ಅವನು ನೀರು ನೋಡಿದ. "ಅದು ಮುಗಿದರೆ ನಾನು ಸತ್ತ ಹಾಗೆ, ಅಲ್ಲವೇ ಗುರುಗಳೇ?"

"ಶಾಸ್ತ್ರಕ್ಕೆ."

"ಸದ್ಯಕ್ಕೆ ಅಷ್ಟಾದರೂ ಆಗಲಿ."

ಗುರುಗಳು ಅವನ ಕಡೆ ತಿರುಗಿ ಕೂತರು. ಆಮೇಲೆ, ಮಳೆ ಬರುತ್ತದಾ ಎಂದು ಕೇಳುವಷ್ಟು ಸರಳವಾಗಿ ಕೇಳಿದರು.

"ಮಗು, ನಿಜವಾಗಿಯೂ ಸಾಯಬೇಕು ಅನ್ನಿಸುತ್ತಾ?"

ಯಾರೂ ಅವನನ್ನು ಅದುವರೆಗೆ ಏನನ್ನೂ ಕೇಳಿರಲಿಲ್ಲ. ಆಶೀರ್ವಾದ ಕೇಳಿದ್ದರು. ಇದನ್ನು ಕೇಳಿರಲಿಲ್ಲ.

"ಬೆಳಗಿನ ಜಾವ ಅನ್ನಿಸುತ್ತೆ," ಎಂದ.

"ಎಷ್ಟು ದಿನದಿಂದ?"

"ಯುಗಾದಿ ಆದಾಗಿನಿಂದ."

"ಯಾರಿಗೆ ಹೇಳಿದೆ?"

"ಎಲ್ಲರೂ ಕೈ ಮುಗಿಯುತ್ತಾರೆ ಗುರುಗಳೇ. ಕೈ ಮುಗಿದು ನಿಂತವರಿಗೆ ಏನು ಹೇಳಲಿ?"

ಹೇಳಿದವನೇ ಅತ್ತುಬಿಟ್ಟ. ಚಿಕ್ಕ ಮಕ್ಕಳ ಹಾಗೆ, ಮೂಗು ಸೋರುವ ಹಾಗೆ ಅತ್ತ. ಗುರುಗಳು ವೇದಾಂತ ಹೇಳಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಅಳು ನಿಂತ ಮೇಲೆ ಎಂದರು: "ನಿನ್ನ ಚಾಪೆ ನನ್ನ ಕೋಣೆಗೆ ತಾ. ಇವತ್ತಿನಿಂದ ಅಲ್ಲೇ ಮಲಗು."

ಮರುದಿನ ಬೆಳಿಗ್ಗೆ ಜನ ಸೇರಿದ್ದರು. ಹೂವು ಬಂದಿತ್ತು, ಪುರೋಹಿತರು ದರ್ಭೆ ಬಿಡಿಸುತ್ತಿದ್ದರು. ಗುರುಗಳು ಹೊರಗೆ ಬಂದು ಹೇಳಿದ್ದು ಎರಡೇ ಮಾತು.

"ಇವತ್ತು ದೀಕ್ಷೆ ಇಲ್ಲ. ಹುಡುಗನಿಗೆ ಮೈ ಸರಿಯಿಲ್ಲ, ಡಾಕ್ಟರಿಗೆ ತೋರಿಸಿಕೊಂಡು ಬರ್ತೀನಿ."

ಮಾರ್ಕಂಡೇಯ ಹಿಂದೆಯೇ ಓಡಿಬಂದ. "ಯಾವ ಡಾಕ್ಟರು ಗುರುಗಳೇ?"

"ಮನಸ್ಸಿನ ಡಾಕ್ಟರು."

"ಅಯ್ಯೋ! ಜನ ಏನಂದಾರು? ಒಂದು ಅನುಷ್ಠಾನ ಮಾಡಿಸೋಣ, ಹೋಮ ಮಾಡಿಸೋಣ..."

"ಹೋದ ವರ್ಷ ನಿನಗೆ ಮೂಲವ್ಯಾಧಿ ಆಯಿತಲ್ಲ, ಹೋಮ ಮಾಡಿಸಿದೆನೇನೋ?"

ಮಾರ್ಕಂಡೇಯ ಹೋಗಿ ಪುರೋಹಿತರಿಗೆ ದರ್ಭೆ ಕಟ್ಟಿಡಲು ಹೇಳಿದ.

ಬಸ್ಸಿನಲ್ಲಿ ಪೇಟೆಗೆ ಹೋದರು. ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಬರೆಯುವವನು ಕಾವಿ ಕಂಡು ಎದ್ದು ನಿಂತ.

"ಯಾರಿಗೆ ಸ್ವಾಮಿ?"

"ನನ್ನ ಹುಡುಗನಿಗೆ."

ತ್ರ್ಯಂಬಕ ಆ ಮಾತನ್ನು ಕೇಳಿಸಿಕೊಂಡ. ತಾನು ಯಾರದೋ ಹುಡುಗ ಎನ್ನಿಸಿಕೊಂಡು ಬಹಳ ವರ್ಷಗಳಾಗಿದ್ದವು.

ಬೆಂಚಿನ ತುಂಬ ಜನ. ಒಬ್ಬ ಬಸ್ ಕಂಡಕ್ಟರು ನಲ್ಲಿಗೆ ಹೋಗಿ ಕೈ ತೊಳೆದು ಬಂದ, ಕೂತ, ಮತ್ತೆ ಎದ್ದು ತೊಳೆಯಲು ಹೋದ. ಒಬ್ಬ ಬಾಣಂತಿ ತವರಿನವರ ನಡುವೆ ಕೂತಿದ್ದಳು. ಮಗುವನ್ನು ಎತ್ತಿಕೊಟ್ಟರೆ ಮುಖ ತಿರುಗಿಸಿ ಅಳುತ್ತಿದ್ದಳು. ತ್ರ್ಯಂಬಕನ ಪಕ್ಕದಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳಿದ್ದಳು.

"ಮೊದಲ ಸಲಾನಾ ಕಂದಾ?" ಎಂದಳು.

ಅವನು ತಲೆಯಾಡಿಸಿದ.

"ಹೆದರ್ಕೋಬ್ಯಾಡ. ನಂಗೆ ಎರಡು ವರ್ಸದಿಂದ ಐತೆ. ಸಂತೇಲಿ ನಿಂತಿರೋ ಹಾಗೇ ಎದೆ ಹೊಡ್ಕೊಳ್ಳೋಕೆ ಶುರು. ಇಗೋ ಸತ್ತೆ, ಅನ್ನಿಸಿಬಿಡುತ್ತೆ. ಹಾರ್ಟು ಅಂತ ಮೂರು ಸಲ ಈಸಿಜಿ ಮಾಡಿಸಿದ್ರು. ಹಾರ್ಟು ಕಲ್ಲಿನಂಗೆ ಗಟ್ಟಿಯಾಗೈತಂತೆ."

ತ್ರ್ಯಂಬಕ ಅವಳ ಕಡೆ ತಿರುಗಿದ. "ಅಂಗೈ ಬೆವರುತ್ತಾ ಅಮ್ಮ?"

"ಹೂಂ ಕಣಪ್ಪ. ತೊಪ್ಪೆ ಆಗೋಯ್ತದೆ."

"ನನಗೂ," ಎಂದ.

ಮೂರು ಅಕ್ಷರಕ್ಕಿಂತ ಹೆಚ್ಚಿಲ್ಲ ಆ ಮಾತು. ಅದನ್ನು ಆಡಲು ಅವನಿಗೆ ಜಗತ್ತಿನಲ್ಲಿ ಒಬ್ಬರು ಸಿಕ್ಕಿದ್ದರು.

ಒಳಗಿದ್ದ ಡಾಕ್ಟರಮ್ಮ ಕೈ ಮುಗಿಯಲಿಲ್ಲ. ನಿದ್ದೆ ಎಷ್ಟು, ಊಟ ಎಷ್ಟು, ತೂಕ ಇಳಿದಿದೆಯಾ, ಸಾಯುವ ಯೋಚನೆ ದಿನಾ ಬರುತ್ತಾ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು.

"ಇದಕ್ಕೆ ಖಿನ್ನತೆ ಅಂತಾರೆ," ಎಂದರು. "ಜೊತೆಗೆ ಆತಂಕವೂ ಸೇರಿಕೊಂಡಿದೆ. ತುಂಬಾ ಜನಕ್ಕೆ ಬರುತ್ತೆ. ಮಾತ್ರೆ ಹಿಡಿಯೋಕೆ ಕೆಲವು ವಾರ ಬೇಕು, ನಡುವೆ ಬಿಡಬಾರದು. ವಾರಕ್ಕೊಮ್ಮೆ ಬಂದು ಮಾತಾಡಬೇಕು. ಅಲ್ಲಿಯವರೆಗೆ ಇವರನ್ನು ಒಬ್ಬರನ್ನೇ ಬಿಡಬೇಡಿ ಸ್ವಾಮಿ."

"ಬಿಡೋದಿಲ್ಲ," ಎಂದರು ಗುರುಗಳು.

ತ್ರ್ಯಂಬಕ ಮೆಲ್ಲಗೆ ಕೇಳಿದ. "ಇದು ವೈರಾಗ್ಯ ಅಲ್ಲವೇ ಡಾಕ್ಟರೇ?"

"ವೈರಾಗ್ಯ ನನಗೆ ಗೊತ್ತಿಲ್ಲಪ್ಪ. ಇದು ಗೊತ್ತು."

ವಾಪಸು ಬರುವಾಗ ಬಸ್ಸು ಖಾಲಿಯಿತ್ತು.

"ಗುರುಗಳೇ, ನಾನು ಎಲ್ಲರಿಗೂ ಮೋಸ ಮಾಡಿದೆನೇ?"

"ನೀನೇ ಹೋಗಿ ಪೀಠ ಹತ್ತಿದೆಯಾ? ಎತ್ತಿ ಕೂರಿಸಿದರು. ಇಳಿಯೋಕೆ ಏಣಿ ಯಾರೂ ಇಡಲಿಲ್ಲ." ಗುರುಗಳು ಕಿಟಕಿಯ ಆಚೆ ನೋಡಿದರು. "ನಾನೂ ಇಡಲಿಲ್ಲ. ಒಳ್ಳೆಯ ಶಿಷ್ಯ ಸಿಕ್ಕಿದ ಅಂತ ನನಗೂ ಒಳಗೊಳಗೇ ಹೆಮ್ಮೆ ಇತ್ತು. ಆ ಹೆಮ್ಮೆಯಲ್ಲಿ ನಿನ್ನ ಮುಖ ನೋಡೋದೇ ಮರೆತೆ. ಅದು ನನ್ನ ತಪ್ಪು."

ಗುರು ಶಿಷ್ಯನ ಎದುರು ತಪ್ಪು ಒಪ್ಪಿಕೊಳ್ಳುವುದನ್ನು ತ್ರ್ಯಂಬಕ ಕಂಡಿರಲಿಲ್ಲ. ಮಾತ್ರೆಯ ಚೀಟಿಯನ್ನು ಮಡಿಸಿ ಬಿಡಿಸಿ ಮಾಡುತ್ತ ಕೂತ.

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಕಾಲಿಗೆ ಬೀಳುತ್ತಿದ್ದವರು ಈಗ ದೂರದಿಂದ ಹಾದುಹೋದರು. "ತಲೆ ಕೆಟ್ಟಿತಂತೆ, ಪಾಪ," ಎಂದು ಅವನಿಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿಕೊಂಡರು. ಮೊದಲು ದೇವರ ಹಾಗೆ ಒಂಟಿಯಾಗಿದ್ದ, ಈಗ ಮೈಲಿಗೆಯ ಹಾಗೆ ಒಂಟಿಯಾದ. ಯಾವುದು ಹೆಚ್ಚು ಕಷ್ಟ ಎಂದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ಗುರುಗಳು ಅವನಿಗೆ ಒಂದೇ ಸಾಧನೆ ಕೊಟ್ಟರು.

"ದಿನಾ ಸಂಜೆ ನನ್ನ ಹತ್ತಿರ ಬಂದು ಒಂದು ಮಾತು ಹೇಳು. ಒಳ್ಳೆಯ ಮಾತು ಬೇಡ. ನಿಜವಾದದ್ದು ಹೇಳು."

ಮೊದಲ ಸಂಜೆ ಅವನು ಬಂದು, "ಹೇಳಲು ಏನೂ ಇಲ್ಲ," ಎಂದ.

"ಅದೂ ನಿಜವೇ. ಹೋಗಿ ಊಟ ಮಾಡು."

ಇನ್ನೊಂದು ಸಂಜೆ, "ಮಾತ್ರೆ ತಗೊಂಡು ಬಾಯಿ ಒಣಗುತ್ತಿದೆ."

"ನೀರು ಕುಡಿ. ಮಂಗಳವಾರ ಡಾಕ್ಟರಿಗೂ ಹೇಳು."

ಮತ್ತೊಂದು ಸಂಜೆ, "ಇವತ್ತು ಬೆಳಿಗ್ಗೆ ಮತ್ತೆ ಹಾಗೇ ಅನ್ನಿಸಿತು ಗುರುಗಳೇ."

ಅವತ್ತು ಗುರುಗಳು ಸಂಜೆಯ ಜಪ ಮುಗಿಸಿದವರು ಭಜನೆಗೆ ಹೋಗಲಿಲ್ಲ. ಅವನ ಜೊತೆ ಹೊಳೆಗುಂಟ ಕತ್ತಲಾಗುವವರೆಗೆ ನಡೆದರು.

ಹೀಗೆ ಎರಡು ತಿಂಗಳು ಕಳೆಯಿತು. ನಡುವೆ ಕೆಲವು ದಿನ ಚೆನ್ನಾಗಿದ್ದವು. ಚೆನ್ನಾಗಿದ್ದ ದಿನದ ಮರುದಿನವೇ ಹಳೆಯದು ಬಂದರೆ, ಇನ್ನು ತನಗೆ ಬಿಡುಗಡೆಯೇ ಇಲ್ಲ ಎಂದು ಅವನಿಗೆ ತೀರಾ ಸಂಕಟವಾಗುತ್ತಿತ್ತು. ಡಾಕ್ಟರಮ್ಮ ಮಾತ್ರೆಯ ಪ್ರಮಾಣ ಬದಲಿಸಿದರು. ಬೆಂಚಿನಲ್ಲಿ ಸೊಪ್ಪಿನ ಹೆಂಗಸು ಅವನಿಗೆ ಜಾಗ ಹಿಡಿದಿರುತ್ತಿದ್ದಳು.

ಒಂದು ಸಂಜೆ ಅವನು ಬಂದು ಹಿಂದೆ ಮುಂದೆ ನೋಡುತ್ತ ನಿಂತ.

"ಹೇಳು."

"ಇವತ್ತು ಸಾರಿಗೆ ಉಪ್ಪು ಜಾಸ್ತಿಯಾಗಿತ್ತು."

ಗುರುಗಳು ಅವನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂತು, ಅದು ನಕ್ಕದ್ದಕ್ಕೋ ಇನ್ನೊಂದಕ್ಕೋ ನಾವು ಕೇಳಬಾರದು.

ಮಾರ್ಕಂಡೇಯನಿಗೆ ಮಾತ್ರ ಎದೆ ಒಡೆಯಿತು. "ಅಂಥ ವೈರಾಗ್ಯ! ಹೋಗಿ ಸಾರಿನ ಉಪ್ಪಿಗೆ ಬಂದು ನಿಂತಿತಲ್ಲ ಗುರುಗಳೇ!"

"ನೀನೂ ಊಟ ಮಾಡಿದೆಯಲ್ಲ, ಜಾಸ್ತಿಯಾಗಿತ್ತೋ ಇಲ್ಲವೋ?"

"ಆಗಿತ್ತು," ಎಂದ ಮಾರ್ಕಂಡೇಯ, ತಲೆ ತಗ್ಗಿಸಿ.

ವರ್ಷ ಕಳೆಯಿತು. ತ್ರ್ಯಂಬಕ ಗಂಟೆ ಹೊಡೆಯುವವರೆಗೆ ನಿದ್ದೆ ಮಾಡುತ್ತಿದ್ದ. ಕೆಲವು ಸಲ ಗಂಟೆ ಹೊಡೆದ ಮೇಲೂ ಮಾಡುತ್ತಿದ್ದ. ಎದೆ ಆಗೀಗ ಹೊಡೆದುಕೊಂಡರೆ, ಇದು ಬರುತ್ತದೆ, ಹೋಗುತ್ತದೆ ಎಂದು ಕೂತು ಕಾಯುವುದನ್ನು ಕಲಿತಿದ್ದ. ದರ್ಶನಕ್ಕೆ ಬಂದವರು ಅವನನ್ನು ಗುರುತಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಗುರುಗಳ ಬಳಿ ಬಂದು ಕೂತ.

"ಗುರುಗಳೇ, ಸನ್ಯಾಸ ಕೇಳಿದ್ದೆ. ತಾವು ಇಲ್ಲ ಅನ್ನಲಿಲ್ಲ, ಕೊಡಲೂ ಇಲ್ಲ. ಈಗ ಕೊಡುತ್ತೀರಾ?"

"ಕಣ್ಣು ಮುಚ್ಚು," ಎಂದರು ಗುರುಗಳು. "ಎದುರಿಗೆ ಎಲೆ ಹಾಕಿದೆ ಅಂದುಕೋ. ಎಳ್ಳು ಕಲಸಿದ ಅನ್ನ ಉಂಡೆ ಮಾಡಿದೆ. ಕೈಗೆ ತಗೊಂಡು, ನಿನ್ನ ಹೆಸರು ಹೇಳಿ ಇಡು."

ಅವನು ಕಣ್ಣು ಮುಚ್ಚಿದ. ಬಲಗೈ ಚಾಚಿದ. ತ್ರ್ಯಂಬಕ ಎಂಬ ತನ್ನ ಹೆಸರು ಗಂಟಲವರೆಗೆ ಬಂದು ಅಲ್ಲಿಯೇ ನಿಂತಿತು.

ತುಂಬಾ ಹೊತ್ತಾಯಿತು.

"ಆಗುತ್ತಿಲ್ಲ ಗುರುಗಳೇ."

"ಯಾಕೆ?"

"ಇನ್ನೂ ಇರಬೇಕು ಅನ್ನಿಸುತ್ತಿದೆ."

ಹೇಳಿ ಅವನಿಗೆ ನಾಚಿಕೆಯಾಯಿತು. ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡ.

"ಹೋದ ವರ್ಷ ನಗುನಗುತ್ತ ಇಡುತ್ತಿದ್ದೆ. ಈಗ ಇಷ್ಟು ಆಸೆ. ನಾನು ಸನ್ಯಾಸಕ್ಕೆ ಯೋಗ್ಯನಲ್ಲ, ಅಲ್ಲವೇ?"

ಗುರುಗಳು ಅವನ ಮಡಿಲಲ್ಲಿದ್ದ ಕೈಯನ್ನು ತಮ್ಮ ಕೈಯಿಂದ ಮುಚ್ಚಿದರು.

"ಬಿಡೋಕೆ ಅಂತ ನಿನ್ನ ಹತ್ತಿರ ಏನಾದರೂ ಬಂದದ್ದು ಈಗ ತಾನೇ ಮಗು. ಅವಸರ ಏನಿದೆ? ಸ್ವಲ್ಪ ದಿನ ಇಟ್ಟುಕೊಂಡಿರು."